ಹಡಗಿನಲ್ಲಿ ವೈನ್, ಕಾರವಾರದಲ್ಲಿ ಸೋಲ್‌ಕಡಿ

ಮಳೆಗಾಲ ಕಳೆದ ಮೇಲೆ ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ನೌಕೆಗಳು ಬರತೊಡಗುತ್ತವೆ. ಬೆಳಿಗ್ಗೆ ಇಳಿದ ಪ್ರವಾಸಿಗರು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆಗಳನ್ನು ನೋಡಿಕೊಂಡು ಸಂಜೆಯ ಹೊತ್ತಿಗೆ ಹಡಗು ಸೇರುತ್ತಾರೆ. ರಾತ್ರಿಯ ಊಟ ಹಡಗಿನಲ್ಲೇ. ದುಬಾರಿ ಹಡಗುಗಳಲ್ಲಿ ಈ ಊಟವೇ ಒಂದು ಸಮಾರಂಭ. ಒಂದಾದ ಮೇಲೊಂದರಂತೆ ಐದಾರು ತಟ್ಟೆಗಳು ಬರುತ್ತವೆ. ಪ್ರತಿಯೊಂದರ ಜೊತೆ ಬೇರೆ ಬೇರೆ ವೈನ್. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು, ಸಿಹಿತಿಂಡಿಗೆ ಸಿಹಿ ವೈನ್. ಇದು ಬರೀ ಶ್ರೀಮಂತರ ಷೋಕಿಯೇ, ಅಥವಾ ಇದರಲ್ಲಿ ಏನಾದರೂ ತಿರುಳಿದೆಯೇ?

ಹಡಗಿನ ಊಟ ಎಂದೂ ಇಷ್ಟು ವೈಭವದ್ದಾಗಿರಲಿಲ್ಲ. ಹಾಯಿ ಹಡಗುಗಳ ಕಾಲದಲ್ಲಿ ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ತಿಂದು ತಿಂಗಳುಗಟ್ಟಲೆ ದಿನ ನೂಕಬೇಕಿತ್ತು. 1840ರಲ್ಲಿ ಅಟ್ಲಾಂಟಿಕ್ ದಾಟಿದ ಕ್ಯುನಾರ್ಡ್ ಕಂಪನಿಯ ‘ಬ್ರಿಟಾನಿಯಾ’ ಹಡಗಿನಲ್ಲಿ ತಾಜಾ ಹಾಲಿಗೆಂದು ಒಂದು ಹಸುವನ್ನು ಕಟ್ಟಿಕೊಂಡಿದ್ದರು. ಅಂದಿನ ಪ್ರಯಾಣಿಕರಿಗೆ ಅದೇ ದೊಡ್ಡ ಅನುಕೂಲ. 1905ರಲ್ಲಿ ಜರ್ಮನಿಯ ‘ಅಮೆರಿಕಾ’ ಹಡಗಿನಲ್ಲಿ ಹೆಸರಾಂತ ಹೋಟೆಲುಗಾರ ಸೀಸರ್ ರಿಟ್ಜ್‌ನ ಹೆಸರಿನ ರೆಸ್ಟೊರೆಂಟ್ ಶುರುವಾಯಿತು. ಮುಂದೆ ವಿಮಾನಗಳು ಪ್ರಯಾಣಿಕರನ್ನು ಸೆಳೆದುಕೊಂಡವು. ಊರು ತಲುಪಿಸುವ ಕೆಲಸ ಕೈತಪ್ಪಿದ ಹಡಗುಗಳಿಗೆ ವಿಹಾರವೇ ಕಸುಬಾಯಿತು, ಊಟವೇ ಆಕರ್ಷಣೆಯಾಯಿತು.

ತಟ್ಟೆಗೊಂದು ವೈನ್ ಎನ್ನುವ ಪದ್ಧತಿ ಬೇರೂರಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅದಕ್ಕೆ ಮೊದಲು ಯುರೋಪಿನ ಔತಣಗಳಲ್ಲಿ ಹಲವು ಭಕ್ಷ್ಯಗಳನ್ನು ಮೇಜಿನ ಮೇಲೆ ಒಟ್ಟಿಗೇ ಇಡುತ್ತಿದ್ದರು. ಒಂದಾದ ಮೇಲೊಂದು ಬಡಿಸುವ ‘ರಷ್ಯನ್ ಪದ್ಧತಿ’ ಬಂದ ಮೇಲೆಯೇ ಯಾವುದಕ್ಕೆ ಯಾವುದು ಜೊತೆ ಎಂದು ಗೊತ್ತುಪಡಿಸುವುದು ಸುಲಭವಾಯಿತು.

ವೈನಿನ ಚರಿತ್ರೆಯಲ್ಲಿ ಭಾರತದ ಕಡಲದಾರಿಗೂ ಒಂದು ಪಾಲಿದೆ. ಪೋರ್ಚುಗೀಸರ ಮದೀರಾ ದ್ವೀಪದ ವೈನನ್ನು ಪೀಪಾಯಿಗಳಲ್ಲಿ ತುಂಬಿ ಭಾರತದ ಕಡೆಗೆ ಒಯ್ಯುತ್ತಿದ್ದರು. ಉಷ್ಣವಲಯದ ಸೆಕೆಯಲ್ಲಿ, ಹಡಗಿನ ಒಡಲಲ್ಲಿ ತಿಂಗಳುಗಟ್ಟಲೆ ಬೆಂದ ವೈನ್ ಕೆಡುವ ಬದಲು ರುಚಿಗಟ್ಟುತ್ತಿತ್ತು. ಹೋಗಿ ಮರಳಿ ಬಂದ ಪೀಪಾಯಿಗಳಿಗೆ ಬೇಡಿಕೆ ಹೆಚ್ಚಾಯಿತು. ಮುಂದೆ ದ್ವೀಪದಲ್ಲೇ ವೈನನ್ನು ಬಿಸಿಯಲ್ಲಿಟ್ಟು ಆ ರುಚಿ ತರಿಸುವ ಉಪಾಯ ಕಂಡುಕೊಂಡರು.

ಇನ್ನು ಜೋಡಿಯ ಗುಟ್ಟು. ಕೆಂಪು ವೈನಿಗೆ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಒಗರು ಬರುತ್ತದೆ. ಅಡಿಕೆ ಜಗಿದಾಗ ಬಾಯಿ ಒಣಗಿದಂತಾಗುವುದೂ ಇಂಥದೇ ಒಗರಿನಿಂದ. ಮಾಂಸ, ಚೀಸ್‌ಗಳ ಕೊಬ್ಬು ಮತ್ತು ಪ್ರೋಟೀನು ಈ ಒಗರನ್ನು ಮೆತ್ತಗಾಗಿಸುತ್ತವೆ. ಮೀನಿನ ಜೊತೆ ಮಾತ್ರ ಅನೇಕ ಕೆಂಪು ವೈನುಗಳು ಹೊಂದುವುದಿಲ್ಲ. ಅವುಗಳಲ್ಲಿರುವ ಕಬ್ಬಿಣದ ಅಂಶವು ಮೀನಿನೆಣ್ಣೆಯೊಡನೆ ಸೇರಿ ಕಮಟು ವಾಸನೆ ಹುಟ್ಟಿಸುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು. ಬಿಳಿ ವೈನಿನ ಹುಳಿಯಾದರೋ ಜಿಡ್ಡನ್ನು ಕತ್ತರಿಸಿ ನಾಲಗೆಯನ್ನು ಮುಂದಿನ ತುತ್ತಿಗೆ ಅಣಿಗೊಳಿಸುತ್ತದೆ. ಖಾರದ ಲೆಕ್ಕ ಬೇರೆ. ಅದು ರುಚಿಯಲ್ಲ, ಉರಿ. ಮದ್ಯಸಾರ ಆ ಉರಿಯನ್ನು ಹೆಚ್ಚಿಸುತ್ತದೆ. ಹಾಲು, ಸಿಹಿ, ತಂಪು ತಗ್ಗಿಸುತ್ತವೆ.

ಈ ಸೂತ್ರಗಳನ್ನು ಕಾಣಲು ಹಡಗು ಹತ್ತಲೇಬೇಕೆಂದಿಲ್ಲ. ಉತ್ತರ ಕನ್ನಡ ಜಿಲ್ಲೆಯನ್ನು ಪೂರ್ವದ ಅಂಚಿನಿಂದ ಕಡಲವರೆಗೆ ದಾಟಿದರೆ ಸಾಕು. ಪಕ್ಷಿಧಾಮಕ್ಕೆ ಹೆಸರಾದ ಅತ್ತಿವೇರಿ ಇರುವುದು ಹುಬ್ಬಳ್ಳಿಯ ಕಡೆಗೆ ಮುಖಮಾಡಿದ ಮುಂಡಗೋಡ ತಾಲ್ಲೂಕಿನಲ್ಲಿ. ಪಕ್ಕದ ಬಯಲುಸೀಮೆಯಲ್ಲಿ ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿ ಚಟ್ನಿಯ ಮಗ್ಗುಲಲ್ಲಿ ಬೆಣ್ಣೆ ಅಥವಾ ಮೊಸರು ಇದ್ದೇ ಇರುತ್ತದೆ. ಉರಿಗೆ ಅದೇ ಮದ್ದು. ಮುಂಡಗೋಡ ತಾಲ್ಲೂಕಿನಲ್ಲೇ 1966ರಿಂದ ನೆಲೆಸಿರುವ ಟಿಬೆಟನ್ನರದು ಇನ್ನೊಂದು ಜೋಡಿ. ಹುರಿದ ಬಾರ್ಲಿಯ ಒಣ ಹಿಟ್ಟು ‘ಸಾಂಪಾ’. ಅದನ್ನು ಕಲಸಿಕೊಳ್ಳಲು ಉಪ್ಪು, ಬೆಣ್ಣೆ ಹಾಕಿದ ಚಹಾ.

ಶಿರಸಿ, ಸಿದ್ದಾಪುರದ ಮಲೆನಾಡಿಗೆ ಬಂದರೆ ಅಪ್ಪೆಹುಳಿ. ಹುಳಿ ಮಾವಿನಕಾಯಿ ಬೇಯಿಸಿ, ಹಿಚುಕಿ, ನೀರಾಗಿಸಿ, ಸಾಸಿವೆ ಮೆಣಸಿನ ಒಗ್ಗರಣೆ ಕೊಟ್ಟ ಈ ಸಾರನ್ನು ಅನ್ನಕ್ಕೂ ಕಲಸುತ್ತಾರೆ, ಲೋಟದಲ್ಲೂ ಕುಡಿಯುತ್ತಾರೆ. ಘಟ್ಟ ಇಳಿದು ಕಾರವಾರಕ್ಕೆ ಬಂದರೆ ಮೀನೂಟದ ಜೊತೆ ಸೋಲ್‌ಕಡಿ. ಇದರಲ್ಲಿ ಮುರುಗಲಿನ ಹುಳಿ ಕರಿದ ಮೀನಿನ ಜಿಡ್ಡನ್ನು ತೆಗೆಯುತ್ತದೆ, ತೆಂಗಿನ ಹಾಲು ಖಾರವನ್ನು ತಣಿಸುತ್ತದೆ. ಬಿಳಿ ವೈನ್ ಮಾಡುವ ಕೆಲಸವನ್ನು ಇದು ಮದ್ಯಸಾರವಿಲ್ಲದೆಯೇ ಮಾಡುತ್ತದೆ. ನಮ್ಮ ಖಾರದ ಅಡುಗೆಗೆ ಇದೇ ಹೆಚ್ಚು ಒಪ್ಪುತ್ತದೆ ಎಂದರೂ ತಪ್ಪಿಲ್ಲ.

ಪಾನೀಯವನ್ನು ಊಟದಷ್ಟೇ ಗಂಭೀರವಾಗಿ ಕಾಣುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆ ಒಂದು ಭಾಗವಿದ್ದರೆ ಪಾನೀಯಭೋಗಕ್ಕೆ ಇನ್ನೊಂದಿದೆ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಕನ್ನಡದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೇ ಪ್ರತ್ಯೇಕ ಅಧ್ಯಾಯವಿದೆ.

ಆದರೂ ವೈನಿನ ಜೋಡಿಗೆ ಸಿಕ್ಕ ಮರ್ಯಾದೆ ಅಪ್ಪೆಹುಳಿಗೆ ಸಿಕ್ಕಿಲ್ಲ. ಹಡಗಿನಲ್ಲಿ ಪ್ರತಿ ಜೋಡಿಗೂ ಅಚ್ಚಾದ ಪಟ್ಟಿಯಿದೆ, ವಿವರಿಸಲು ತರಬೇತಾದ ಪರಿಚಾರಕನಿದ್ದಾನೆ, ಹಿಂದೆ ದ್ರಾಕ್ಷಿತೋಟದ ಹೆಸರಿದೆ. ಕರ್ನಾಟಕವೂ ಈ ದಾರಿ ಹಿಡಿದಿದೆ. ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಆರಂಭವಾಯಿತು; 2007ರಲ್ಲಿ ಸರ್ಕಾರ ವೈನ್ ನೀತಿಯನ್ನೇ ತಂದಿತು. ಅಪ್ಪೆಹುಳಿ, ಸೋಲ್‌ಕಡಿಗಳ ತಿಳಿವಳಿಕೆ ಮಾತ್ರ ಅಡುಗೆಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದದ್ದು. ಮನೆಯ ಊಟ ಹೋಟೆಲಿಗೆ ಸರಿದಂತೆ ಆ ಜಾಗಕ್ಕೆ ಬಾಟಲಿಯ ತಂಪು ಪಾನೀಯ ಬಂದು ಕೂರುತ್ತಿದೆ.

ಕಳೆದುಹೋಗುವುದು ರುಚಿಯೊಂದೇ ಅಲ್ಲ. ಮಲೆನಾಡಿನ ಹೊಳೆದಂಡೆಗಳ ಅಪ್ಪೆಮರಗಳಲ್ಲಿ ಉಪ್ಪಿನಕಾಯಿಯ ಮಿಡಿಗಾಗಿ ಕೊಂಬೆಗಳನ್ನೇ ಕಡಿಯುವುದುಂಟು. ಹೀಗೆ ಕಡಿಸಿಕೊಂಡ ಮರ ಮತ್ತೆ ಫಲ ಕೊಡಲು ವರ್ಷಗಳು ಬೇಕು. ಊಟದ ಪಟ್ಟಿಯಲ್ಲಿ ಹೆಸರಿದ್ದರೆ ಬೇಡಿಕೆ, ಬೇಡಿಕೆಯಿದ್ದರೆ ಮರಕ್ಕೂ ಬೆಲೆ. ಒಂದು ಹಗಲಿಗೆಂದು ಕರಾವಳಿಗೆ ಇಳಿಯುವ ಪ್ರವಾಸಿಗೆ ಮೀನೂಟದ ಪಕ್ಕದಲ್ಲಿ ಒಂದು ಲೋಟ ಸೋಲ್‌ಕಡಿ ಇಟ್ಟು, ಅದೇಕೆ ಅಲ್ಲಿದೆ ಎಂದು ಎರಡು ಮಾತು ಹೇಳಬಹುದು. ಆ ಕೆಲಸಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ.