ಬೇಸಾಯಗಾರರಿಗೆ ಸಲ್ಲುವ ಸರ್ಕಾರದ ಸಹಾಯಧನವೂ ಪಹಣಿಯ ಮಹತ್ವವೂ

ಕಲಬುರಗಿ ಸೀಮೆಯ ಎರೆಭೂಮಿಯಲ್ಲಿ ತೊಗರಿ ಬೆಳೆಯುವವರೂ ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆ ಬೆಳೆಯುವವರೂ ಸರ್ಕಾರದಿಂದ ತಮಗೆ ಸಲ್ಲತಕ್ಕ ಹಣವು ಏತಕ್ಕೆ ಬರಲಿಲ್ಲವೆಂದು ಅನೇಕ ವೇಳೆ ಕೇಳುವುದುಂಟು. ಇದಕ್ಕೆ ಮುಖ್ಯ ಕಾರಣವೊಂದೇ. ಈ ಹಣವು ನೇಗಿಲು ಹಿಡಿದವನನ್ನು ನೋಡಿ ಬರುವುದಿಲ್ಲ. ದಾಖಲೆಯಲ್ಲಿರುವ ಹೆಸರನ್ನು ನೋಡಿ ಬರುತ್ತದೆ.

1. ಕಿಸಾನ್ ಸಮ್ಮಾನ್ ನಿಧಿ. ಕೇಂದ್ರ ಸರ್ಕಾರದವರು 2019ರಲ್ಲಿ ಆರಂಭಿಸಿದ ಈ ಯೋಜನೆಯಂತೆ ಒಂದು ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳು, 2,000ದಂತೆ ಮೂರು ಕಂತುಗಳಲ್ಲಿ, ನೇರವಾಗಿ ಬ್ಯಾಂಕಿನ ಖಾತೆಗೆ ಸಂದಾಯವಾಗುತ್ತವೆ. ಗಂಡ, ಹೆಂಡತಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳು ಸೇರಿ ಒಂದು ಕುಟುಂಬವೆಂದು ತಿಳಿಯತಕ್ಕದ್ದು. ಮೊದಲು ಎರಡು ಹೆಕ್ಟೇರಿನ ಮಿತಿಯಿದ್ದು, ಅದೇ ವರ್ಷ ಅದನ್ನು ತೆಗೆದುಹಾಕಲಾಯಿತು. ಆದಾಯ ತೆರಿಗೆ ಕೊಡುವವರಿಗೆ ಇದು ಸಲ್ಲದು. ಲಾವಣಿಗೆ ಅಥವಾ ಪಾಲಿಗೆ ಮಾಡುವವರಿಗೆ ಸ್ವಂತ ಭೂಮಿಯಿಲ್ಲದಿದ್ದರೆ ಅವರಿಗೂ ಸಲ್ಲದು.

2. ಫಸಲು ವಿಮೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ರೈತರು ಕೊಡತಕ್ಕ ಕಂತು ವಿಮಾ ಮೊತ್ತದ ಮೇಲೆ ಮುಂಗಾರು ಧಾನ್ಯ ಮತ್ತು ಬೇಳೆಕಾಳುಗಳಿಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ 5ರವರೆಗೆ. ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ಲಾವಣಿದಾರರೂ ತಕ್ಕ ಪತ್ರಗಳನ್ನು ಒಪ್ಪಿಸಿ ಇದಕ್ಕೆ ಸೇರಬಹುದು. ವಿಮೆಯಲ್ಲಿ ತೊಗರಿಯೆಂದೂ ಬೆಳೆ ಸಮೀಕ್ಷೆಯಲ್ಲಿ ಬೇರೊಂದೆಂದೂ ಬರೆದಿದ್ದರೆ ಪರಿಹಾರಕ್ಕೆ ಅಡ್ಡಿಯಾಗುತ್ತದೆ. ಆದುದರಿಂದ ಸಮೀಕ್ಷೆಯ ಕಾಲದಲ್ಲಿ ಹೊಲದಲ್ಲಿದ್ದು ನೋಡಿಕೊಳ್ಳತಕ್ಕದ್ದು. ಆಲಿಕಲ್ಲು ಮೊದಲಾದ ಸ್ಥಳೀಯ ವಿಪತ್ತಿನಿಂದ ನಷ್ಟವಾದರೆ 72 ಗಂಟೆಗಳೊಳಗೆ ತಿಳಿಸತಕ್ಕದ್ದು.

3. ಒಂದು ದೃಷ್ಟಾಂತ. ಆರು ಎಕರೆಯ ಒಡೆಯನೊಬ್ಬನು ತೀರಿಕೊಂಡನೆನ್ನೋಣ. ವಿವಾಹಿತರಾದ ಮೂವರು ಮಕ್ಕಳು ಎರಡೆರಡು ಎಕರೆಯಂತೆ ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದಾರೆ. ಪಹಣಿಯು ಮಾತ್ರ ತಂದೆಯ ಹೆಸರಿನಲ್ಲಿಯೇ ಇದೆ. ಮೂರು ಕುಟುಂಬಗಳೂ ಸೇರಿ ವರ್ಷಕ್ಕೆ 18,000 ರೂಪಾಯಿಗಳನ್ನು ಕಳೆದುಕೊಳ್ಳುತ್ತವೆ. ಬೆಳೆ ಹಾನಿಯ ಪರಿಹಾರಕ್ಕೂ ಸಾಲಕ್ಕೂ ಇದೇ ತೊಡಕು. ಸಮ್ಮಾನ್ ನಿಧಿಗೆ 2019ರ ಫೆಬ್ರವರಿ 1ರಂದು ದಾಖಲೆಯಲ್ಲಿದ್ದ ಹೆಸರೇ ಆಧಾರವೆಂಬ ನಿಯಮವಿದ್ದರೂ, ಮರಣದ ನಿಮಿತ್ತ ವಾರಸುದಾರರಿಗೆ ಬಂದ ಭೂಮಿಗೆ ಅದು ಅಡ್ಡಿಯಲ್ಲ. ಆದಕಾರಣ ತಡವಾಯಿತೆಂದು ಕೈಬಿಡಬಾರದು.

4. ಮಾಡತಕ್ಕ ಕಾರ್ಯಗಳು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷಗಳೊಡನೆ ಪೌತಿ ಖಾತೆಗೆ ಅರ್ಜಿ ಕೊಡತಕ್ಕದ್ದು. ಹಿಂದೆ ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಕಮಲಾಪುರವು ಈಗ ಪ್ರತ್ಯೇಕ ತಾಲ್ಲೂಕಾಗಿರುವುದರಿಂದ ಅಲ್ಲಿನ ಗ್ರಾಮಸ್ಥರು ಕಮಲಾಪುರದ ಕಚೇರಿಗೇ ಹೋಗತಕ್ಕದ್ದು. ಬಳಿಕ ರೈತ ಸಂಪರ್ಕ ಕೇಂದ್ರದಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳನ್ನು ಸೇರಿಸಿ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಪಡೆಯತಕ್ಕದ್ದು. ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ ಈ ಮೂರರಲ್ಲಿಯೂ ಹೆಸರು ಒಂದೇ ರೀತಿಯಾಗಿರಲಿ, ಖಾತೆಗೆ ಆಧಾರ್ ಜೋಡಣೆಯಾಗಿರಲಿ, ಇ-ಕೆವೈಸಿಯನ್ನು ಮುಗಿಸಿರಲಿ.

ಗ್ರಾಮದ ಮುಖಂಡರು ತಮ್ಮ ಊರಿನಲ್ಲಿ ಗತಿಸಿದವರ ಹೆಸರಿನಲ್ಲಿಯೇ ಉಳಿದಿರುವ ಪಹಣಿಗಳೆಷ್ಟೆಂದು ಪಟ್ಟಿ ಮಾಡಿ, ವಿಧವೆಯರಿಗೂ ಓದುಬರಹ ಬಾರದವರಿಗೂ ಮೊದಲು ನೆರವಾಗುವುದು ಉಚಿತ. ಬೀಜವನ್ನು ಹದವರಿತು ಬಿತ್ತುವ ರೈತನು ದಾಖಲೆಯನ್ನೂ ಕಾಲವರಿತು ಸರಿಪಡಿಸಿಕೊಂಡರೆ, ತನಗೆ ನ್ಯಾಯವಾಗಿ ಸಲ್ಲತಕ್ಕದ್ದನ್ನು ಯಾರ ಮರ್ಜಿಯನ್ನೂ ಕಾಯದೆ ಪಡೆಯುವನು.