ಪರಂಗಿಯ ತವರಿನ ಕಡೆಯವರು

ಹಳೇ ಮೈಸೂರಿನ ಹಿತ್ತಿಲುಗಳಲ್ಲಿ ಪರಂಗಿ ಗಿಡವನ್ನು ಮುತುವರ್ಜಿಯಿಂದ ನೆಟ್ಟವರು ಕಡಿಮೆ. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ, ಹಕ್ಕಿ ಉದುರಿಸಿದ ಬೀಜದಿಂದ ಅದು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಕಾಯಿ ಪಲ್ಯಕ್ಕೆ, ಹಣ್ಣು ಮಕ್ಕಳಿಗೆ, ತುದಿಯಲ್ಲಿ ಉಳಿದದ್ದು ಅಳಿಲಿಗೆ. ಅದಕ್ಕೆ ಔಷಧಿ ಹೊಡೆಯಬೇಕು ಎಂದರೆ ಮನೆಯವರು ನಗುತ್ತಿದ್ದರು.

ಆ ನಗು ನಿಂತದ್ದು 2008ರ ನಂತರ.

ಆ ವರ್ಷ ಕೊಯಮತ್ತೂರಿನಲ್ಲಿ ಪರಂಗಿ ಗಿಡಗಳ ಮೇಲೆ ಬಿಳಿ ಹಿಟ್ಟಿನಂಥದೊಂದು ಹುಳ ಕಾಣಿಸಿಕೊಂಡಿತು. ನೋಡನೋಡುತ್ತ ಗಡಿ ದಾಟಿ ಕರ್ನಾಟಕಕ್ಕೂ ಬಂತು. ಎಲೆಯ ಅಡಿಯಲ್ಲಿ, ನರದ ಗುಂಟ ಹತ್ತಿ ಮೆತ್ತಿದಂತೆ ಗುಂಪು. ಬೆರಳಲ್ಲಿ ಒತ್ತಿದರೆ ಹಳದಿ ರಸ. ಕುಡಿ ಸುರುಟಿಕೊಂಡಿತು, ಕಾಯಿಗಳು ಅಕ್ಕಿಹಿಟ್ಟಿನಲ್ಲಿ ಹೊರಳಾಡಿಸಿದಂತಾದವು. ಹುಳ ಸುರಿಸುವ ಅಂಟು ಸಿಹಿಗೆ ಇರುವೆಗಳ ಸಾಲು ಹತ್ತಿತು, ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಕೂತಿತು. ಪರಂಗಿ ಸಾಲದೆ ದಾಸವಾಳ, ಬದನೆ, ಮರಗೆಣಸು, ಹಿಪ್ಪುನೇರಳೆ, ಕೊನೆಗೆ ಬೇಲಿಯಾಚೆಯ ಕಾಂಗ್ರೆಸ್ ಗಿಡವನ್ನೂ ಅದು ಬಿಡಲಿಲ್ಲ. ಪರಂಗಿ ಹಿಟ್ಟುತಿಗಣೆ ಎಂದು ಹೆಸರಾಯಿತು. ವಿಜ್ಞಾನದ ಹೆಸರು ಪ್ಯಾರಾಕೋಕಸ್ ಮಾರ್ಜಿನೇಟಸ್.

ಪರಂಗಿ ಎಂಬ ಹೆಸರಿನಲ್ಲೇ ಕಥೆಯ ಅರ್ಧ ಇದೆ. ಪರಂಗಿ ಎಂದರೆ ಫಿರಂಗಿಯವರದು, ಹಡಗು ಹತ್ತಿ ಬಂದದ್ದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಈ ಗಿಡ ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದು, ಶತಮಾನಗಳ ಕಾಲ ತವರಿನ ಸುದ್ದಿಯಿಲ್ಲದೆ ನೆಮ್ಮದಿಯಾಗಿತ್ತು. ಹಿಟ್ಟುತಿಗಣೆಯೂ ಅದೇ ತವರಿನದು. ಸೋಜಿಗವೆಂದರೆ, ಅಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಮೆಕ್ಸಿಕೋದಲ್ಲಿ 1955ರಲ್ಲೇ ಅದರ ಮಾದರಿ ಸಿಕ್ಕಿದ್ದರೂ ಶಾಸ್ತ್ರೀಯವಾಗಿ ಹೆಸರಿಟ್ಟದ್ದು 1992ರಲ್ಲಿ. ಯಾರ ಹೊಟ್ಟೆಯ ಮೇಲೂ ಹೊಡೆಯದ ಹುಳಕ್ಕೆ ನಾಮಕರಣದ ಅವಸರವೇನು? ಮುಂದೆ ಅದು ಕೆರಿಬಿಯನ್ ದ್ವೀಪಗಳಿಗೆ ಹೋಯಿತು, 1998ರಲ್ಲಿ ಫ್ಲೋರಿಡಾದಲ್ಲಿ ಕಂಡಿತು, ಪೆಸಿಫಿಕ್ ದ್ವೀಪಗಳನ್ನು ಹಾದು 2008ರಲ್ಲಿ ಶ್ರೀಲಂಕಾ ಮತ್ತು ಭಾರತವನ್ನು ಮುಟ್ಟಿತು. ಹೋದಲ್ಲೆಲ್ಲ ಹಾವಳಿ. ತವರಿನಲ್ಲಿ ಅದರ ಬೆನ್ನಿಗಿದ್ದ ಶತ್ರುಗಳು ಪಯಣದಲ್ಲಿ ಜೊತೆಗೆ ಬಂದಿರಲಿಲ್ಲ.

ಇಲ್ಲಿಯ ಜನ ಕೈಕಟ್ಟಿ ಕೂರಲಿಲ್ಲ. ಸೋಪಿನ ನೀರು, ಬೇವಿನೆಣ್ಣೆ, ಪೈಪಿನಿಂದ ಜೋರು ನೀರು, ಕಡೆಗೆ ಅಂಗಡಿಯವನು ಕೊಟ್ಟ ಘಾಟಿನ ಡಬ್ಬಿ. ಮೈಗೆ ಮೇಣ ಬಳಿದುಕೊಂಡ ಹುಳದ ಮೇಲೆ ಔಷಧಿ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿತು. ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆ ಭದ್ರವಾಗಿದ್ದವು. ರೇಷ್ಮೆಯವರ ಪಾಡು ಇನ್ನೂ ಕಷ್ಟ. ವಿಷ ಹೊಡೆದ ಸೊಪ್ಪು ಹಾಕಿದರೆ ಸಾಯುವುದು ರೇಷ್ಮೆಹುಳ. ಎಷ್ಟೋ ಹಿತ್ತಿಲುಗಳಲ್ಲಿ ಮರ ಕಡಿದು ಸುಟ್ಟದ್ದೇ ಪರಿಹಾರವಾಯಿತು.

ಈ ಗಡಿಬಿಡಿಯಲ್ಲಿ ಪ್ರಮಾದವೂ ನಡೆಯಿತು. ತಿಗಣೆಗಳ ನಡುವೆ ಕೊಂಚ ದಪ್ಪನೆಯ, ಉದ್ದುದ್ದ ಬಿಳಿ ಎಳೆಗಳ ಹುಳುವೊಂದು ಓಡಾಡುತ್ತಿರುತ್ತದೆ. ಇದು ತಿಗಣೆಯ ಅಮ್ಮನಿರಬೇಕೆಂದು ಮೊದಲು ಹೊಸಕುವುದು ಅದನ್ನೇ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಕಾಫಿಯ ಹಸಿರು ಶಲ್ಕ ಕೀಟ ತಿನ್ನಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದು ಬಿಟ್ಟ ಜೀವಿ ಇದು, ತಿಗಣೆಯನ್ನೇ ತಿಂದು ತಿಗಣೆಯ ವೇಷ ಹಾಕುತ್ತದೆ. ನಮ್ಮ ನೆಲದ್ದೇ ಆದ ಸ್ಪಾಲ್ಜಿಸ್ ಚಿಟ್ಟೆಯ ಮರಿಯೂ ಅದೇ ಕೆಲಸ ಮಾಡುತ್ತದೆ. ಅದರ ಕೋಶವನ್ನು ಎದುರಿನಿಂದ ನೋಡಿದರೆ ಥೇಟ್ ಮಂಗನ ಮುಖ! ಇಬ್ಬರೂ ಹೊಟ್ಟೆತುಂಬ ತಿಂದರು. ಆದರೆ ಉಣ್ಣುವ ಬಾಯಿಗಿಂತ ಬಡಿಸುವ ಕೈ ಜೋರಾಗಿತ್ತು.

ಪರಿಹಾರ ಬಂದದ್ದು ಒಂದು ಪಾರ್ಸೆಲ್ಲಿನಲ್ಲಿ. ಅಮೆರಿಕದ ಕೃಷಿ ಇಲಾಖೆಯವರು 1999ರಲ್ಲೇ ಮೆಕ್ಸಿಕೋಗೆ ಹೋಗಿ, ಈ ತಿಗಣೆಯ ಹಳೆಯ ವೈರಿಗಳನ್ನು ಹುಡುಕಿ ತಂದು ಪೋರ್ಟೊ ರಿಕೋದಲ್ಲಿ ಸಾಕುತ್ತಿದ್ದರು. 2010ರಲ್ಲಿ ಅಲ್ಲಿಂದ ಮೂರು ಜಾತಿಯ ಪುಟ್ಟ ಕಣಜಗಳು ಬೆಂಗಳೂರಿನ ಹೆಬ್ಬಾಳಕ್ಕೆ, ಕೃಷಿಗೆ ಸಂಬಂಧಿಸಿದ ಕೀಟಗಳ ರಾಷ್ಟ್ರೀಯ ಸಂಸ್ಥೆಗೆ ಬಂದವು. ಬಳ್ಳಾರಿ ರಸ್ತೆಯ ಆ ಕಾಂಪೌಂಡಿನ ಮುಂದೆ ವಿಮಾನ ನಿಲ್ದಾಣಕ್ಕೆ ಧಾವಿಸುವ ಜನಕ್ಕೆ ಒಳಗೇನಿದೆ ಎಂಬುದೇ ತಿಳಿಯದು. ದಿಗ್ಬಂಧನದಲ್ಲಿಟ್ಟು ಪರೀಕ್ಷಿಸಿ, ಸಂಖ್ಯೆ ಹೆಚ್ಚಿಸಿ, ಆ ಅಕ್ಟೋಬರ್‌ನಲ್ಲಿ ತಮಿಳುನಾಡಿನಿಂದ ಶುರುಮಾಡಿ ಬಿಟ್ಟರು. ಮೂವರಲ್ಲಿ ಗೆದ್ದದ್ದು ಅಸೆರೋಫೇಗಸ್ ಪಪಾಯೆ.

ಅದು ಮಿಲಿಮೀಟರನ್ನೂ ಮುಟ್ಟದ ಗಾತ್ರದ ಹಳದಿ ಕಣಜ, ಯಾರನ್ನೂ ಕಚ್ಚದು. ಎಳೆಯ ತಿಗಣೆಯ ಮೈಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿನ್ನುತ್ತ ಬೆಳೆಯುತ್ತದೆ. ತಿಗಣೆ ಉಬ್ಬಿ, ಒಣಗಿ, ಗಟ್ಟಿ ಸಿಪ್ಪೆಯಾಗುತ್ತದೆ. ಮೇಣದ ಕವಚ ಇಲ್ಲಿ ಕೆಲಸಕ್ಕೆ ಬಾರದು. ಇರುವೆಯ ಕಾವಲಿದ್ದರೂ ತಿಗಣೆಯಿಂದ ತಿಗಣೆಗೆ ಹಾರುತ್ತ ಕಣಜ ಊರೂರು ದಾಟಿತು. ಬಿಟ್ಟಲ್ಲೆಲ್ಲ ಐದಾರು ತಿಂಗಳಲ್ಲಿ ಬಿಳುಪು ಕರಗಿತು.

ಬೇಸರದ ಸಂಗತಿ ಮುಂದಿನದು. ಕಣ್ಣಿಗೆ ಕಾಣದವರಿಗೆ ಕೀರ್ತಿ ಸಿಗುವುದಿಲ್ಲ. ಸೋಪಿನ ನೀರು ಹೊಯ್ದವರು ಸೋಪಿನಿಂದ ಹೋಯಿತು ಅಂದರು, ಬೂದಿ ಎರಚಿದವರು ಬೂದಿ ಅಂದರು. ಡಬ್ಬಿ ಮಾರಿದವನಂತೂ ಎದೆಯುಬ್ಬಿಸಿದ. ತಾರಸಿ ತೋಟಗಳ ಈ ಕಾಲದಲ್ಲಿ ನಾಲ್ಕು ಬಿಳಿ ಚುಕ್ಕೆ ಕಂಡರೆ ಸಾಕು, ಸ್ಪ್ರೇ ಬಾಟಲಿ ಕೈಗೆ ಬರುತ್ತದೆ. ಆ ವಿಷಕ್ಕೆ ಮೇಣ ಹೊದ್ದ ತಿಗಣೆಗಿಂತ ಮೊದಲು ಬಲಿಯಾಗುವುದು ಬರಿಮೈಯ ಕಣಜ. ಒಂದು ತಿಂಗಳಲ್ಲಿ ಚುಕ್ಕೆಗಳು ನಾಲ್ಕು ಪಟ್ಟಾದಾಗ ಬಾಟಲಿಯೂ ದೊಡ್ಡದಾಗುತ್ತದೆ.

ಹಿತ್ತಿಲಿನ ದಾಸವಾಳದ ಎಲೆಯನ್ನು ಮಗುಚಿ ನೋಡಿದರೆ ಬಿಳಿ ಹಿಟ್ಟಿನ ನಡುವೆ ಒಣಹುಲ್ಲಿನ ಬಣ್ಣದ ಸಣ್ಣ ಸಿಪ್ಪೆಗಳು ಕಂಡಾವು, ಒಂದು ತುದಿಯಲ್ಲಿ ಸೂಜಿಮೊನೆ ಚುಚ್ಚಿದಂಥ ದುಂಡು ತೂತು. ಅದರಿಂದ ಹೊರಬಿದ್ದದ್ದು ಅಷ್ಟರಲ್ಲಿ ಪಕ್ಕದ ಮನೆಯ ಪರಂಗಿಗೆ ಹೋಗಿಯಾಗಿರುತ್ತದೆ.