ಬಿಂದಿಗೆಯಲ್ಲಿ ರಾಕೆಟ್ ಇಂಧನ: ತೂಕ ಊಹಿಸಿ!

ನಂಜನಗೂಡಿನ ಸ್ನಾನಘಟ್ಟಕ್ಕೆ ಬನ್ನಿ. ಹತ್ತು ಲೀಟರಿನ ಬಿಂದಿಗೆ ಮುಳುಗಿಸಿ, ಕಪಿಲೆಯ ನೀರು ತುಂಬಿ, ಸೊಂಟಕ್ಕೇರಿಸಿ. ನೀರೇ ಹತ್ತು ಕಿಲೋ!

ಈಗ ಅದೇ ಬಿಂದಿಗೆಗೆ ರಾಕೆಟ್ ಇಂಧನ ತುಂಬಿಸಿದಿರಿ ಅಂದುಕೊಳ್ಳಿ. ಎಷ್ಟು ತೂಗೀತು? ಎಂಟು ಕಿಲೋ? ಐದು? ಇನ್ನೂ ಇಳಿಯಿರಿ!

ಬರೀ 700 ಗ್ರಾಂ! ಒಂದು ಚಿಪ್ಪು ರಸಬಾಳೆಯೇ ಇದಕ್ಕಿಂತ ಭಾರ!

ಅದು ದ್ರವ ಜಲಜನಕ. ಮೈನಸ್ 253 ಡಿಗ್ರಿಯ ಕೊರೆಯುವ ಚಳಿಯಲ್ಲಿ ಮಾತ್ರ ದ್ರವವಾಗಿ ನಿಲ್ಲುವ ಮಾಯಗಾರ. 640 ಟನ್ ತೂಗುವ ನಮ್ಮ ಎಲ್‌ವಿಎಂ3 ರಾಕೆಟ್ ತನ್ನ ಕೊನೆಯ ಹಂತದಲ್ಲಿ ಆಮ್ಲಜನಕದ ಜೊತೆ ಉರಿಸುವುದು ಇದನ್ನೇ.

ಆ ಕೊನೆಯ ಹಂತದಲ್ಲೇ ಇರುವುದು ಮಜಾ! ಅಲ್ಲಿ ಒಂದು ಕಿಲೋ ಲೋಹ ಇಳಿಸಿ ನೋಡಿ, ಉಪಗ್ರಹ ಒಂದು ಕಿಲೋ ಹೆಚ್ಚು ತೂಗಬಹುದು. ಕೊಟ್ಟಷ್ಟೂ ವಾಪಸ್!

ಹಾಗಾದರೆ ಹೆಚ್ಚು ಭಾರ ಹೊರಲು ಇಂಧನ ಹೆಚ್ಚಬೇಕು, ಅದರ ತೊಟ್ಟಿ ಮಾತ್ರ ಹಗುರವಾಗಿರಬೇಕು. ಆಗುತ್ತದೆಯೇ? ಬೆಂಗಳೂರಿನ ಎಚ್‌ಎಎಲ್ 2020ರಲ್ಲಿ ಮಾಡಿಯೇ ಕೊಟ್ಟಿತು! ಅಲ್ಯೂಮಿನಿಯಂ ಮಿಶ್ರಲೋಹದ ತೊಟ್ಟಿ. ನಾಲ್ಕು ಮೀಟರ್ ಅಗಲ, ಎಂಟು ಮೀಟರ್ ಉದ್ದ. ಒಳಗೆ 89 ಘನ ಮೀಟರ್ ಜಾಗ.

ಕಪಿಲೆ ಕಾವೇರಿಯನ್ನು ಸೇರುವ ಟಿ. ನರಸೀಪುರದ ಸಂಗಮದಲ್ಲಿ ಇದನ್ನು ಮುಳುಗಿಸಿ ತುಂಬಿದರೆ ನೀರೇ 89 ಟನ್! ರಾಕೆಟ್ಟಿಗಾಗಿ ತುಂಬಿಸುವ ಜಲಜನಕ? 5,755 ಕಿಲೋ. ಆರು ಟನ್ ಕೂಡ ಇಲ್ಲ!

ಇನ್ನು ಬೆಸುಗೆ ಕೇಳಿ. ಒಂದೇ ತೊಟ್ಟಿಗೆ ಒಟ್ಟು 115 ಮೀಟರ್! ಜಗತ್ತಿನ ಅತಿ ಹಗುರ ಅನಿಲ ಕೂದಲೆಳೆಯ ಬಿರುಕು ಸಿಕ್ಕರೂ ನುಸುಳಿಬಿಡುತ್ತದೆ. ಅದಕ್ಕೇ ಇಡೀ ಬೆಸುಗೆಗೆ, ಒಂದಿಂಚೂ ಬಿಡದೆ, ಎಕ್ಸ್‌-ರೇ! ಆ ಬೆಸುಗೆಗಾರರ ಕೈಗೆ ನಾನು ಕೈಮುಗಿಯುತ್ತೇನೆ.

ಇಷ್ಟು ಇಂಧನ ಉರಿಸಲು ಇಂಜಿನ್ನಿಗೂ ಕಸುವು ಬೇಕಲ್ಲ! 2022ರ ನವೆಂಬರ್ 9, ಇಸ್ರೋದ ಮಹೇಂದ್ರಗಿರಿ ಪರೀಕ್ಷಾ ಕೇಂದ್ರ. ಆ ಕೊನೆಯ ಹಂತದ ಸಿಇ-20 ಇಂಜಿನ್ ಮೊದಲ ಬಾರಿಗೆ 21.8 ಟನ್ ನೂಕುಬಲ ತೋರಿಸಿತು. ಅದರ ಟರ್ಬೈನ್‌ಗಳ ಬಿಸಿ ಅನಿಲ ಹೊರಬರುವ ಕವಚಗಳನ್ನು ಮಾಡಿದ್ದು ಹೇಗೆ ಗೊತ್ತೇ? 3ಡಿ ಪ್ರಿಂಟರಿನಲ್ಲಿ! ಈ ಇಂಜಿನ್ನಿಗೆ ಅದೂ ಮೊದಲು.

2017ರಲ್ಲಿ ಎಲ್‌ವಿಎಂ3 ಹೊತ್ತದ್ದು 3,136 ಕಿಲೋದ ಉಪಗ್ರಹ. 2025ರ ನವೆಂಬರಿನಲ್ಲಿ 4,410! ಕಕ್ಷೆ ತುಸು ತಗ್ಗಿನದು, ನಿಜ. ಆದರೂ ಅದು ಹಳೆಯ, ಚಿಕ್ಕ ತೊಟ್ಟಿಯ ಸಾಹಸ!

ದೊಡ್ಡ ತೊಟ್ಟಿ, ಬಲಿತ ಇಂಜಿನ್ ಕೂಡಿದರೆ? ಇಸ್ರೋ ಲೆಕ್ಕದಲ್ಲಿ ಇನ್ನೂ 450 ಕಿಲೋವರೆಗೆ! ಚಂದ್ರನ ಮೇಲೆ ಉರುಳಾಡಿದ ಪ್ರಜ್ಞಾನ್ ರೋವರ್ ನೆನಪಿದೆಯಾ? 26 ಕಿಲೋ. ಅಂಥವು ಹದಿನೇಳು!